ಮಾರಾಯ್ತಿಯ ಬೂಟು

ಸೆಪ್ಟೆಂಬರ್ 4, ಬುಧವಾರ

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮಳೆಯನ್ನೂ ಲೆಕ್ಕಿಸದೆ ಕಿಕ್ಕಿರಿದು ನೆರೆದಿರುವ ಸಾಹಿತ್ಯಾಭಿಮಾನಿಗಳೇ... (ಸಭೆಯಲ್ಲಿ ನಾನೊಬ್ಬನೇ. ವೇದಿಕೆ ಅಂದರೆ ರಿಸೆಪ್ಶನ್ ಕೌಂಟರ್. ಗಣ್ಯರ ಜಾಗದಲ್ಲಿ ಕೀ ತೂಗುಹಾಕುವ ಬೋರ್ಡು.) ಇಂದಿನ ಕಾರ್ಯಕ್ರಮ: ಒಂದು ಜೊತೆ ಬೂಟಿನ ಅಕಾಲಿಕ ನಿಧನಕ್ಕೆ ಸಂತಾಪ. ಎಲ್ಲರೂ ಎದ್ದುನಿಂತು ಮೌನ.

ಮೌನ ಮುಗಿಯಿತು. ನಾಲ್ಕನೇ ರೂಮಿಗೆ ಟವೆಲ್ ಕಳಿಸಿದೆ. ಮುಂದುವರಿಯೋಣ.

ಕನ್ನಡ ಸಂಘದ ಕಾರ್ಯಕ್ರಮ ನಿರೂಪಿಸಿ ನಿರೂಪಿಸಿ ಹತ್ತಿದ ಚಾಳಿ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದು, ರಾತ್ರಿ ಕನ್ನಡ ಶಾಲೆ, ಕೊನೆಗೆ ಬಿ.ಎ. ಅದರಿಂದ ಸಿಕ್ಕಿದ್ದು ಎರಡು — ಪ್ರಾಸದ ಹುಚ್ಚು, ಮತ್ತು ಮುಂಬಯಿ ಗ್ರಾಂಟ್ ರೋಡಿನ ಈ ಲಾಡ್ಜಿನ ಮ್ಯಾನೇಜರ್ ಕುರ್ಚಿ. ಕೆಳಗೆ ಉಡುಪಿ ಹೋಟೆಲ್, ಮೇಲೆ ರೂಮುಗಳು, ಎರಡಕ್ಕೂ ಧಣಿ ಸದಾನಂದಣ್ಣ.

ಮೃತ ಬೂಟಿನ ಒಡತಿ ಒಂಬತ್ತನೇ ರೂಮಿನವರು. ಹಾಲೆಂಡ್ ದೇಶ. ಮನೆಮನೆಗೆ ಟಪಾಲು ಹಂಚಿ ರಿಟೈರ್ ಆದವರು. ವಯಸ್ಸು ಎಪ್ಪತ್ತು. ಹೆಸರು ಮರೈಯ. ಅಡುಗೆಮನೆಯ ಧನರಾಜ್ ಮೊದಲ ದಿನವೇ ಅದನ್ನು ಮಾರಾಯ್ತಿ ಮಾಡಿದ. ಅವರಿಗೂ ಹಿಡಿಸಿತು. ಈಗ ಕರೆದರೆ ತಿರುಗಿ ನೋಡುವುದು ಆ ಹೆಸರಿಗೇ.

ಬಂದ ಕಾರಣ ಒಂದು ಹೂವು. ಕಾರ್ವಿ. ಸಹ್ಯಾದ್ರಿಯಲ್ಲಿ ಎಂಟು ವರ್ಷಕ್ಕೊಮ್ಮೆ ಅರಳುತ್ತದಂತೆ. ಅರಳಿದರೆ ಗುಡ್ಡಕ್ಕೆ ಗುಡ್ಡವೇ ನೇರಳೆ. ಕಳೆದ ಸಲವೂ ಬಂದಿದ್ದರು, ತಡವಾಗಿ. ಒಣಗಿದ ಕಡ್ಡಿ ನೋಡಿ ಹಿಂದಿರುಗಿದರು. ಮುಂದಿನ ಸಲಕ್ಕೆ ಎಪ್ಪತ್ತೆಂಟು. "ಆಗ ಹೂವು ಬರುತ್ತದೆ, ನಾನು ಬರುವುದಿಲ್ಲ" ಅಂದರು. ನಗುತ್ತಲೇ ಅಂದರು. ಮುಂದಿನ ವಾರ, ಹದಿನಾಲ್ಕನೇ ತಾರೀಕು ಶನಿವಾರ, ಒಂದು ಟ್ರೆಕ್ಕಿಂಗ್ ಗುಂಪಿನ ಜೊತೆ ಹೊರಡುವುದು.

ನಿನ್ನೆ ಪ್ರಾಕ್ಟೀಸಿಗೆ ಬೋರಿವಲಿಯ ಕಾಡು ಸುತ್ತಿ ಬಂದು, ನೆನೆದ ಬೂಟನ್ನು ಬಾಗಿಲ ಹೊರಗೆ ಬಿಟ್ಟಿದ್ದರು. ಬೆಳಿಗ್ಗೆ ನೋಡಿದೆ. ಅತಿಥಿ ಸತ್ಕಾರ ಉಕ್ಕಿತು.

ನಮ್ಮ ಅಡುಗೆಮನೆಯ ಭಟ್ಟಿ ಒಲೆಯ ಹಿಂದೆ ಕಡಪಾ ಕಲ್ಲಿನ ಒಂದು ಗಿಡ್ಡ ಕಟ್ಟೆ. ಮಳೆಗಾಲದಲ್ಲಿ ಇಡೀ ಸ್ಟಾಫಿನ ಚಪ್ಪಲಿ, ಬೂಟು ಒಣಗುವುದು ಅಲ್ಲೇ. ಯಾವ ಕಾಲದ್ದೋ ನಿಯಮ: ಮೊದಲು ಬರಿಗಾಲು ಕಲ್ಲಿನ ಮೇಲಿಟ್ಟು 'ಕೃಷ್ಣ, ಕೃಷ್ಣ, ಕೃಷ್ಣ' ಅನ್ನಬೇಕು. ಮೂರನೇ ಕೃಷ್ಣನವರೆಗೆ ಕಾಲು ನಿಂತರೆ ಬೂಟೂ ನಿಲ್ಲಬಹುದು. ಅಷ್ಟರೊಳಗೆ ಕಾಲು ಎಳೆದುಕೊಂಡರೆ ಆವತ್ತು ಬೇಡ.

ಎಡಗಾಲಿಟ್ಟೆ. ಮೂರು ಕೃಷ್ಣ ನಿಧಾನಕ್ಕೆ ಅಂದೆ. ಬೂಟು ಇಟ್ಟು ಮೇಲೆ ಬಂದೆ.

ಮಧ್ಯಾಹ್ನ ಹೋಗಿ ನೋಡಿದರೆ ಬೂಟಿನ ಸೋಲ್ ಮೊಸಳೆಯ ಹಾಗೆ ಬಾಯ್ತೆರೆದು ಮಲಗಿದೆ. ಮೇಲಿನ ಚರ್ಮ ಹಪ್ಪಳ.

ಧನರಾಜ್ ಸೌಟು ಹಿಡಿದುಕೊಂಡೇ ಬಂದ. "ಅನಿಲಣ್ಣ, ಹಬ್ಬದ ಆರ್ಡರ್ ಅಂತ ಎರಡೂ ಭಟ್ಟಿ ಬೆಳಗಿನ ಜಾವದಿಂದ ಉರೀತಾ ಉಂಟು. ಆ ಕಲ್ಲಿನ ಹತ್ರ ಹೋಗ್ಲಿಕ್ಕೇ ಆಗ್ತಿರ್ಲಿಲ್ಲ. ನೀವು ಕಾಲಿಟ್ಟು ನೋಡ್ಲಿಲ್ವಾ ಮಾರಾಯ್ರೆ?"

ನೋಡಿದ್ದೆ. ಕಲ್ಲು ತಣ್ಣಗಿತ್ತು. ಆಮೇಲೆ ಕಾದಿರಬೇಕು ಅಂದೆ. ಅವನು ಕಲ್ಲು ನೋಡಿದ, ನನ್ನ ಕಾಲು ನೋಡಿದ, ಸಾಂಬಾರು ಕದಡಲು ಹೋದ.

ಮಾರಾಯ್ತಿಗೆ ಹೇಳಿದ್ದು: ಮುಂಬಯಿಯ ಹವೆ ಮೇಡಂ, ಅಂಟನ್ನೆಲ್ಲ ತಿಂದುಹಾಕುತ್ತದೆ. ಬೂಟನ್ನು ಆಚೆ ಈಚೆ ತಿರುಗಿಸಿ ನೋಡಿದರು. ಬೆನ್ನು ಸವರಿದರು. "ಪಾಪ, ವಯಸ್ಸಾಗಿತ್ತು" ಅಂದರು. ಬೂಟಿಗೆ.

ಬೂಟು ಬಾಯಿ ಬಿಟ್ಟಿತು,
ನನ್ನ ಬಾಯಿ ಕಟ್ಟಿತು.

ಚಪ್ಪಾಳೆ ಬೇಡ.

ಸೆಪ್ಟೆಂಬರ್ 5, ಗುರುವಾರ

ಟ್ರೆಕ್ ಗುಂಪಿನ ಲೀಡರ್ ಅಮೋಲ್‌ಗೆ ಫೋನ್ ಮಾಡಿದೆ. ಹುಡುಗ ಮರಾಠಿಯಲ್ಲಿ ವಿನಯವಾಗಿ, ಇಂಗ್ಲಿಷಿನಲ್ಲಿ ಖಡಕ್ಕಾಗಿ ಹೇಳಿದ. ಪಾದದ ಗಂಟು ಮುಚ್ಚುವ ಬೂಟು ಬೇಕು. ವಾಟರ್‌ಪ್ರೂಫ್ ಬೇಕು. ಗ್ರಿಪ್ ಬೇಕು. ಪಾಚಿ ಬಂಡೆ, ಹೋದ ವರ್ಷ ಒಬ್ಬರ ಕಾಲು ಮುರಿದಿದೆ. ಬೂಟಿಲ್ಲದೆ ಬಂದರೆ ಆಂಟಿಯನ್ನು ಬಸ್ಸಿನಲ್ಲೇ ಕೂರಿಸುತ್ತೇನೆ.

ಆಂಟಿಯನ್ನು ಕರೆದುಕೊಂಡು ಗ್ರಾಂಟ್ ರೋಡಿನ ಅಂಗಡಿಗಳಿಗೆ ಹೊರಟೆ. ಹೆಂಗಸರ ಸೈಜು ಏಳಕ್ಕೆ ಮುಗಿಯುತ್ತದೆ. ಮಾರಾಯ್ತಿಯ ಪಾದ ಅದರಾಚೆ ಇನ್ನೂ ಎರಡು ಸ್ಟೇಷನ್ ಹೋಗುತ್ತದೆ. ಒಬ್ಬ ಮಣಿ ಪೋಣಿಸಿದ ಸ್ಯಾಂಡಲ್ ತಂದ, "ಮೇಡಂ ಕೇ ಲಿಯೇ ಕುಛ್ ಫ್ಯಾನ್ಸಿ" ಅಂತ. ಇನ್ನೊಬ್ಬ ಅವರ ಪಾದ ನೋಡಿ ಒಳಗಿದ್ದವರನ್ನೂ ಕರೆದ. ಮಾರಾಯ್ತಿಗೆ ಬೇಜಾರಾಗಲಿಲ್ಲ, ಎಲ್ಲರೂ ಸರಿಯಾಗಿ ನೋಡಲಿ ಅಂತ ಕಾಲು ಮುಂದೆ ಚಾಚಿದರು.

ಮೂರನೇ ಅಂಗಡಿಯಲ್ಲಿ ಪಾದ ಅಳೆಯುವ ಮರದ ಹಲಗೆ. ಗಂಡಸರ ಒಂಬತ್ತು. ತಮಾಷೆಗೆ ನನ್ನದೂ ಅಳೆಸಿದರು, ಬೂಟು ಸಮೇತ ಅಲ್ಲ, ಸಾಕ್ಸ್ ಸಮೇತ. ಒಂಬತ್ತು. ಹಾಲೆಂಡಿನ ಹೆಂಗಸು, ಬ್ರಹ್ಮಾವರದ ಗಂಡಸು — ಒಂದೇ ಅಚ್ಚು. "ಮಿಸ್ಟರ್ ಅನಿಲ್, ನನಗೆ ಕಾಯಿಲೆ ಬಂದರೆ ನಿಮ್ಮನ್ನೇ ಗುಡ್ಡಕ್ಕೆ ಕಳಿಸಬಹುದು" ಅಂದರು.

ಬೂಟು ಸಿಗಲಿಲ್ಲ.

ರಾತ್ರಿ ಎಡಗಾಲಿನ ಸಾಕ್ಸ್ ಅಂಟಿಕೊಂಡಿತ್ತು. ಮಳೆಯ ನೀರು, ಹಾಳು ರಸ್ತೆ.

ಸೆಪ್ಟೆಂಬರ್ 7, ಶನಿವಾರ. ಚೌತಿ

ರಜೆ. ಮಲಾಡಿನ ಮನೆ. ಸೊಸೈಟಿಯ ಗಣಪತಿಗೆ ಬೆಳಿಗ್ಗೆಯಿಂದ ಲೌಡ್‌ಸ್ಪೀಕರ್.

ಹೆಂಡತಿ ವಾರಿಜಾ ಆರತಿ ತಟ್ಟೆ ಹಿಡಿದು ನನ್ನ ಕಾಲನ್ನೇ ನೋಡುತ್ತಿದ್ದಳು. "ಮನೆಯೊಳಗೆ ಸಾಕ್ಸ್ ಎಂತಕ್ಕೆ? ಅದೂ ದೇವರ ಎದುರು?" ಟೈಲ್ಸ್ ಥಂಡಿ ಅಂದೆ. "ಇಷ್ಟು ವರ್ಷ ಇಲ್ಲದ ಥಂಡಿ." ಜೂನ್ ತಿಂಗಳ ರಕ್ತದ ಸಕ್ಕರೆಯ ರಿಪೋರ್ಟು ಫ್ರಿಜ್ಜಿನ ಮೇಲೇ ಉಂಟು, ಡಾಕ್ಟರ ಹತ್ತಿರ ಹೋಗುವುದು ಯಾವಾಗ ಅಂತ ಕೇಳಿದಳು. ಹಬ್ಬ ಮುಗಿಯಲಿ ಅಂದೆ. ಯಾವ ಹಬ್ಬ ಅಂತ ಹೇಳಲಿಲ್ಲ.

ಮಗಳು ನಿಶ್ಮಿತಾಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ಮೂರು ಭಾಷೆಯ ಮಿಸಳ್. "ಪಪ್ಪಾ, ನೀನು ಚಲ್ತೇ ಟೈಮ್ ಫಟ್ ಫಟ್ ಆವಾಜ್ ಬರ್ತದೆ. ಲೈಕ್ ಎ ಡಕ್." ನಡೆದು ತೋರಿಸಿದಳು. ಚೆನ್ನಾಗಿಯೇ ಮಾಡಿದಳು. ಎಲ್ಲರೂ ನಕ್ಕರು, ವಾರಿಜಾ ಬಿಟ್ಟು.

ಒಂದೇ ಮೋದಕ, ಎನ್ನುವುದು ವಾರಿಜೆಯ ತೀರ್ಪು,
ಎರಡನೆಯದು ತಿಂದದ್ದು ಪ್ರಾಸದ ತಪ್ಪು.

ಸೆಪ್ಟೆಂಬರ್ 9, ಸೋಮವಾರ

ಮಾರಾಯ್ತಿಗೆ ಜ್ವರ. ನಿನ್ನೆ ಗಣಪತಿ ನೋಡುತ್ತ ನೆನೆದರಂತೆ. ಡಾಕ್ಟರು ಎರಡು ದಿನ ಮಲಗಿ ಅಂದಿದ್ದಾರೆ. ಧನರಾಜ್ ಗಂಜಿ ಕಳಿಸುತ್ತಿದ್ದಾನೆ, ಮಾವಿನ ಮಿಡಿ ಉಪ್ಪಿನಕಾಯಿ ಜೊತೆ. ಉಪ್ಪಿನಕಾಯಿ ಮೊದಲು ಖಾಲಿಯಾಗುತ್ತಿದೆ.

ಮಲಗಿಕೊಂಡೇ ನನ್ನನ್ನು ಅವರ ಪಾದಗಳ ಅಧಿಕೃತ ಪ್ರತಿನಿಧಿಯಾಗಿ ನೇಮಿಸಿದರು. ತಮ್ಮ ದಪ್ಪ ಉಣ್ಣೆಯ ಸಾಕ್ಸ್ ಕೊಟ್ಟರು. ಪಾಠವೂ ಆಯಿತು. ಬೂಟು ಕೊಳ್ಳುವುದು ಸಂಜೆ. ದಿನವಿಡೀ ನಡೆದ ಕಾಲು ಊದಿರುತ್ತದೆ. ಇಳಿಜಾರಿನಲ್ಲಿ ಇಳಿದು ನೋಡಬೇಕು, ಬೆರಳು ಮುಂದಕ್ಕೆ ತಾಗಬಾರದು. ಹಿಮ್ಮಡಿ ಜಾರಬಾರದು. "ಕಣ್ಣಿನಿಂದ ಆರಿಸಬೇಡಿ. ಕಾಲು ಏನು ಹೇಳುತ್ತದೆ ಕೇಳಿ."

ಕೇಳುತ್ತೇನೆ ಅಂದೆ.

ವಡಾಲದಲ್ಲಿ ಬಂದರಿನ ಕೆಲಸಗಾರರಿಗೆ ಸಾಮಾನು ಮಾರುವ ಅಂಗಡಿ. ಮೊಣಕಾಲುದ್ದದ ಗಮ್‌ಬೂಟು. ಹೂವು ನೋಡಲು ಹೋಗುವವರಿಗೆ ಗಟಾರ ಇಳಿಯುವ ವೇಷ. ಅಲ್ಲೇ ಪಕ್ಕದಲ್ಲಿ ಇನ್ನೊಂದು. ವಾಟರ್‌ಪ್ರೂಫ್ ಹೈ ಕ್ಯಾ ಅಂದೆ. "ಸಾಬ್, ಪಾನಿ ಅಂದರ್ ಜಾಯೇಗಾ ಹೀ ನಹೀಂ" ಅಂದ. ನೀರು ಒಳಗೆ ಹೋದರೆ? ಅಂದೆ. ಸ್ವಲ್ಪ ಯೋಚಿಸಿದ. "ಗಯಾ ತೋ ಫಿರ್ ಬಾಹರ್ ಭೀ ನಹೀಂ ಆಯೇಗಾ." ಹೋದ ನೀರು ಹೊರಗೂ ಬರುವುದಿಲ್ಲವಂತೆ. ಇಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ಈ ಊರಿನಲ್ಲಿ ಇನ್ನೆಲ್ಲೂ ಕಂಡಿಲ್ಲ. ಕೈಮುಗಿದು ಬಂದೆ.

ವಾಪಸ್ ಬಂದಾಗ ಸದಾನಂದಣ್ಣ ಕ್ಯಾಶಿನಲ್ಲಿ ಕೂತು, ಲಾಡ್ಜ್ ನಡೆಸುವುದು ಬಿಟ್ಟು ಚಪ್ಪಲಿ ವ್ಯಾಪಾರ ಯಾವಾಗ ಸುರು ಮಾಡಿದ್ದು ಅಂತ ಕೇಳಿದರು. ನನ್ನ ಮುಖ ನೋಡಿ ದನಿ ಇಳಿಸಿದರು. ನಾಳೆಯೂ ಮಧ್ಯಾಹ್ನದ ಮೇಲೆ ಹೋಗು, ಕೌಂಟರಿನಲ್ಲಿ ನಾನು ಕೂರುತ್ತೇನೆ ಅಂದರು.

ಸೆಪ್ಟೆಂಬರ್ 10, ಮಂಗಳವಾರ. ಸಂಜೆ

ಸಿಕ್ಕಿತು! ಮಲಾಡಿನಲ್ಲೇ, ಸ್ಟೇಷನ್ನಿನಿಂದ ಒಳಗೆ, ಸ್ಪೋರ್ಟ್ಸ್ ಸಾಮಾನಿನ ದೊಡ್ಡ ಅಂಗಡಿ. ಬೂದು ಬಣ್ಣ, ಎತ್ತರದ ಕುತ್ತಿಗೆ, ಅಡಿಯಲ್ಲಿ ಟ್ರ್ಯಾಕ್ಟರ್ ಟೈರಿನಂಥ ಗೆರೆ. ಒಂಬತ್ತು. ವಾಟರ್‌ಪ್ರೂಫ್ ಅಂತ ಒಳಗೇ ಹೊಲಿದು ಬರೆದಿದೆ. ಅಂಗಡಿಯಲ್ಲಿ ಬೂಟು ಹಾಕಿ ನೋಡಲಿಕ್ಕೆಂದೇ ಮರದ ಪುಟ್ಟ ಇಳಿಜಾರು. ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಸೇಲ್ಸ್ ಹುಡುಗಿ ಹೇಗಿದೆ ಅಂಕಲ್ ಅಂದಳು. ಮಖಮಲ್ ಅಂದೆ. ಎಲ್ಲೂ ತಾಗುವುದಿಲ್ಲ, ಎಲ್ಲೂ ಒತ್ತುವುದಿಲ್ಲ. ಕಾಲಲ್ಲಿ ಬೂಟು ಇದೆಯೋ ಇಲ್ಲವೋ ಅನ್ನುವ ಹಾಗೆ.

ಪಾದುಕಾ ಪಟ್ಟಾಭಿಷೇಕ ನಾಳೆ. ಪ್ರಾಸ ಹೊಂದಿಸುವಷ್ಟೂ ತಾಳ್ಮೆ ಇಲ್ಲ, ಅಷ್ಟು ಖುಷಿ.

ಸೆಪ್ಟೆಂಬರ್ 11, ಬುಧವಾರ

ಜ್ವರ ಬಿಟ್ಟಿದೆ. ಮಾರಾಯ್ತಿ ಮಂಚದ ಮೇಲೆ ಕೂತು ಡಬ್ಬಿ ತೆರೆದರು. ಹೊಲಿಗೆ ಎಳೆದರು, ಮೂಸಿದರು, ಮಡಚಿದರು. ಭೇಷ್ ಅನ್ನುವ ಮುಖ. ಎಡಗಾಲಿನ ಬೂಟಿನೊಳಗೆ ಹಾಕಿದ ಕೈ ಅಲ್ಲೇ ನಿಂತಿತು. ಮೂತಿಯ ಒಳಗಿನಿಂದ ಕಾಗದದ ಉಂಡೆ ಎಳೆದರು. ಹೊಸ ಬೂಟಿಗೆ ತುರುಕಿರುತ್ತಾರಲ್ಲ, ಅದು. ಮೋದಕದಷ್ಟು ದಪ್ಪ. ನಡೆದು ನಡೆದು ಕಲ್ಲಿನಂತಾಗಿತ್ತು.

"ಇದನ್ನು ಹಾಕಿಕೊಂಡು ನಡೆದಿರಾ?"

ಸುಮ್ಮನೆ ಒಂದು ಸುತ್ತು ಅಂದೆ. ಸಾವಿರ ಸುತ್ತಾದರೂ ನಡೆದಿದ್ದೆ.

ಬೂಟು ಹಾಕಿ ಪ್ಯಾಸೇಜಿನಲ್ಲಿ ಮೆಟ್ಟಿಲವರೆಗೆ ಹೋಗಿ ಬಂದರು. ಅಷ್ಟಕ್ಕೇ ಮುಖ ಕಿವುಚಿದರು. ಬಿಚ್ಚಿ ತೋರಿಸಿದರು: ಕಿರುಬೆರಳಿನ ಪಕ್ಕ ಕೆಂಪು ಗೆರೆ, ಎರಡೂ ಕಡೆ. ಉದ್ದ ಸರಿ, ಅಗಲ ಸಾಲದು. ಒಂದು ಗುಡ್ಡ ಹತ್ತುವಷ್ಟರಲ್ಲಿ ಚರ್ಮ ಕಿತ್ತುಬರುತ್ತದೆ. ನಮ್ಮಿಬ್ಬರದೂ ಒಂದೇ ಅಚ್ಚು, ನಿಮಗೆ ಹೇಗೆ ಒತ್ತಲಿಲ್ಲ ಅಂತ ಕೇಳಲಿಲ್ಲ. ಕೇಳಿದ್ದು ಬೇರೆ.

"ಮಿಸ್ಟರ್ ಅನಿಲ್, ನಿಮ್ಮ ಕಾಲು ತೋರಿಸಿ."

ನಮ್ಮಲ್ಲಿ ಹಿರಿಯರ ಎದುರು ಕಾಲು ಚಾಚಬಾರದು ಮೇಡಂ, ಮರ್ಯಾದೆ ಅಲ್ಲ ಅಂದೆ. ಸಂಸ್ಕೃತಿ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

"ನನ್ನ ಸಾಕ್ಸ್ ಹಾಕಿಕೊಂಡು ಊರೆಲ್ಲ ನಡೆದಿದ್ದೀರಿ. ಇನ್ನು ಯಾವ ಮರ್ಯಾದೆ?"

ಕೆಳಗೆ ಯಾರೋ ಚೆಕ್-ಔಟ್ ಮಾಡುತ್ತಿದ್ದಾರೆ ಅಂದೆ. ಯಾರೂ ಮಾಡುತ್ತಿರಲಿಲ್ಲ. ಇಳಿಯುವಾಗ ಫಟ್ ಫಟ್ ಸದ್ದು ನನಗೂ ಕೇಳಿಸಿತು.

ಅವರ ಉಣ್ಣೆ ಸಾಕ್ಸ್ ಒಗೆದು ಹಿಂದೆ ಕೊಡಬೇಕು. ಎಡಗಾಲಿನದರ ಕಲೆ ಹೋಗುತ್ತಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ನಿನ್ನೆ ಏನೂ ಬರೆಯಲಿಲ್ಲ. ಸಭೆಯನ್ನು ಮುಂದೂಡಲಾಗಿತ್ತು.

ಇವತ್ತು ಮಾರಾಯ್ತಿಯನ್ನೇ ಕರೆದುಕೊಂಡು ಮಲಾಡಿಗೆ ಹೋದೆ. ನಾಳೆ ಬೆಳಿಗ್ಗೆ ಬಸ್ಸು, ಇನ್ನು ಪ್ರತಿನಿಧಿಯನ್ನು ನಂಬುವ ಹಾಗಿಲ್ಲ. ಅವರು ಬೂಟು ಆರಿಸುವುದನ್ನು ನೋಡಬೇಕು. ಕಣ್ಣು ಮುಚ್ಚಿಕೊಂಡು ಇಳಿಜಾರು ಇಳಿಯುತ್ತಾರೆ. ತುದಿಯಲ್ಲಿ ನಿಂತು, ಬೂಟಿನೊಳಗೆ ಬೆರಳಾಡಿಸಿ, ಯಾರೋ ಒಳಗಿನಿಂದ ಉತ್ತರ ಕೊಟ್ಟ ಹಾಗೆ ತಲೆಯಾಡಿಸುತ್ತಾರೆ. ಮೊದಲಿನದು ಬದಲಿಸಿ ಕಂದು ಬಣ್ಣದ, ಅಗಲ ಮೂತಿಯ ಒಂದು ಜೊತೆ ಆಯಿತು. ನೋಡಲು ಇಡ್ಲಿ ಪಾತ್ರೆಯಂತಿದೆ. ಅವರಿಗೆ ಸರಿ. ನನಗೂ ಹಾಕಿ ನೋಡಿ ಅಂದರು. ಬೇಡ ಅಂದೆ.

ವಾಪಸ್ ಬರುವಾಗ ಲೋಕಲ್ ರೈಲು. ಜನಸಂದಣಿಯ ವಿರುದ್ಧ ದಿಕ್ಕು, ಕೂರಲು ಜಾಗ. ಅಂಧೇರಿ ದಾಟಿದ ಮೇಲೆ ಹೇಳಿದೆ: ನಿಮ್ಮ ಹಳೆ ಬೂಟು ಕೆಟ್ಟದ್ದು ಹವೆಯಿಂದ ಅಲ್ಲ. ನಾನೇ ಭಟ್ಟಿಯ ಹಿಂದೆ ಇಟ್ಟಿದ್ದೆ.

"ಗೊತ್ತು" ಅಂದರು. ಬೂಟು ಕೆಟ್ಟ ದಿನವೇ ಗೊತ್ತಂತೆ. ಧನರಾಜ್ ದೋಸೆ ಕೊಡಲು ಬಂದವನು ಅರ್ಧ ಹಿಂದಿ, ಅರ್ಧ ಅಭಿನಯದಲ್ಲಿ ಎಲ್ಲ ಹೇಳಿದ್ದನಂತೆ. ಕಾಲಿಡುವ ನಿಯಮ, ಮೂರು ಕೃಷ್ಣ, ಎಲ್ಲ. ನೀವಾಗಿ ಹೇಳಲಿ ಅಂತ ಕಾದೆ ಅಂದರು. ಬೂಟು ಹೋದದ್ದಕ್ಕೆ ಕೋಪ ಇಲ್ಲ. ಆಮೇಲೆ ಕಿಟಕಿಯ ಕಡೆ ನೋಡಿಕೊಂಡು—

"ಧನರಾಜ್ ಹೇಳಿದ, ಆ ಬೆಳಿಗ್ಗೆ ಅವನು ಒಂದು ಕೃಷ್ಣನಿಗೇ ಕಾಲು ತೆಗೆದನಂತೆ. ನೀವು ಮೂರರವರೆಗೆ ನಿಂತಿರಿ. ಹೇಗೆ?"

ಒಂದು ಪ್ರಾಸ ಹುಡುಕಿದೆ. ಕೃಷ್ಣ, ಉಷ್ಣ. ಎಷ್ಟು ಸುಲಭದ ಪ್ರಾಸ. ಬಾಂದ್ರಾ ಬಂತು, ದಾದರ್ ಬಂತು, ಗಣಪತಿಯ ಜನ ನುಗ್ಗಿದರು, ಯಾರೋ ನನ್ನ ಎಡಗಾಲನ್ನು ತುಳಿದು ಸಾರಿ ಅಂದರು. ಅವರು ಸಾರಿ ಅಂದದ್ದರಿಂದ ತುಳಿದದ್ದು ತಿಳಿಯಿತು. ಮಾರಾಯ್ತಿ ನೋಡುತ್ತಿದ್ದರು.

ಸೆಪ್ಟೆಂಬರ್ 14, ಶನಿವಾರ. ಬೆಳಗಿನ ಜಾವ

ಬಸ್ಸು ಹೋಯಿತು. ಅಮೋಲ್ ಟಾರ್ಚ್ ಬಿಟ್ಟು ಎಲ್ಲರ ಬೂಟು ನೋಡಿದ. ಇಡ್ಲಿ ಪಾತ್ರೆಗಳ ಎದುರು ಕೂತು ಬೆರಳಿನಿಂದ ಸೋಲ್ ಒತ್ತಿ, "ಏಕ್ ನಂಬರ್, ಆಂಟಿ" ಅಂದ. ನನ್ನ ಕಣ್ಣು ಯಾಕೋ ಒದ್ದೆ. ಮಳೆ ನಿಂತಿತ್ತು.

ಧನರಾಜ್ ಬಾಳೆ ಎಲೆಯಲ್ಲಿ ಇಡ್ಲಿ ಕಟ್ಟಿ ಕೊಟ್ಟ. ಹತ್ತುವಾಗ ಮಾರಾಯ್ತಿ ನನ್ನ ಭುಜ ತಟ್ಟಿದರು. ಹೂವು ಕಂಡರೆ ಫೋಟೋ ಕಳಿಸುತ್ತೇನೆ, ನಾನು ನನ್ನ ಕೆಲಸ ಮಾಡಿದರೆ ನೀವು ನಿಮ್ಮದು ಮಾಡಬೇಕು ಅಂದರು. ಅವರ ಕಣ್ಣು ನನ್ನ ಎಡಗಾಲಿನ ಮೇಲಿತ್ತು.

ಸೆಪ್ಟೆಂಬರ್ 15, ಭಾನುವಾರ. ಮಲಾಡ್

ಮಾನ್ಯ ಸಭಾಧ್ಯಕ್ಷರೇ, ಗಣ್ಯರೇ, ಮಹನೀಯರೇ ಮಹಿಳೆಯರೇ, ಸಂತೋಷದ ಸುದ್ದಿ. ಫೋಟೋ ಬಂದಿದೆ. ಮುಖ ಇಲ್ಲ, ಬರೀ ಕಾಲು. ಕೆಸರು ಮೆತ್ತಿದ ಎರಡು ಕಂದು ಬೂಟು, ಅವುಗಳ ಸುತ್ತ, ಹಿಂದೆ, ಆಚೆ ಗುಡ್ಡದ ಮೇಲೆ, ಮೋಡದ ಒಳಗಿನವರೆಗೂ ನೇರಳೆ. ಸಮಯಕ್ಕೆ ಸರಿಯಾಗಿ ತಲುಪಿದ್ದಾರೆ. ನಿಶ್ಮಿತಾ ನೋಡಿ ವಾವ್ ಪಪ್ಪಾ ಅಂದಳು. ವಾರಿಜಾ ಕನ್ನಡಕ ಹಾಕಿಕೊಂಡು ನೋಡಿದಳು. ಎಷ್ಟು ಚೆಂದ, ನಾವೂ ಒಮ್ಮೆ ಹೋಗುವ ಅಂದಳು. ಎಂಟು ವರ್ಷ ಬಿಟ್ಟು ಅಂದೆ. ಅಷ್ಟರೊಳಗೆ ನಿಮ್ಮ ಸಾಕ್ಸ್ ಒಮ್ಮೆ ತೆಗೀತೀರಾ ಅಂದಳು. ಚಹಾ ಇಡಲು ಹೋದಳು.

ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಈಗ ನಿಮ್ಮ ಸರದಿ.

ಸಭಿಕರೇ, ಈ ಸಂದರ್ಭದಲ್ಲಿ ಒಂದೆರಡು ಮಾತು —

ಇಲ್ಲ. ಸಭೆ ಇಲ್ಲ. ಯಾರೂ ಬಂದಿಲ್ಲ, ಯಾವತ್ತೂ ಬಂದಿರಲಿಲ್ಲ.

ಕಲ್ಲು ತಣ್ಣಗಿರಲಿಲ್ಲ. ಕಾದು ಕೆಂಡವಾಗಿತ್ತು. ನನಗೆ ಗೊತ್ತಾಗಲಿಲ್ಲ. ಎರಡೂ ಪಾದಕ್ಕೆ ಏನೂ ಗೊತ್ತಾಗುವುದಿಲ್ಲ, ಮಳೆಗಾಲಕ್ಕೂ ಮುಂಚಿನಿಂದ. ಎಡ ಅಂಗಾಲು ಆವತ್ತು ಸುಟ್ಟಿದೆ. ಮರುದಿನ ಸಾಕ್ಸ್ ಅಂಟಿಕೊಂಡಾಗಲೇ ನೋಡಿದೆ. ಈಗ ನಡುವೆ ಕಪ್ಪಾಗಿದೆ, ವಾಸನೆ ಬರುತ್ತಿದೆ. ನೋವು ಇಲ್ಲ. ಸ್ವಲ್ಪವೂ ಇಲ್ಲ. ಅದಕ್ಕೇ ಹೆದರಿಕೆ.

ಸಾಕ್ಸ್ ತೆಗೆದು ಕೂತಿದ್ದೇನೆ. ಚಹಾ ಕಪ್ಪಿನ ಸದ್ದು ಕೇಳಿಸುತ್ತಿದೆ. ವಾರಿಜಾ ಬಂದ ಕೂಡಲೇ ಕಾಲು ಮುಂದೆ ಚಾಚಿ ತೋರಿಸುತ್ತೇನೆ. ಬಂದಳು.